ಜೇಬಿನಲ್ಲಿಲ್ಲದ ಜಂಪರ್

ಅವನ ಹೆಸರು ಊರಿನ ಕಟ್ಟಡಗಳಲ್ಲಿ ಯಾರಿಗೂ ಗೊತ್ತಿಲ್ಲ. ಮಕ್ಕಳು ಲಿಫ್ಟ್ ಮಾಮ ಎಂದರು, ಅವರನ್ನು ನೋಡಿ ತಾಯಂದಿರೂ ಹಾಗೇ ಅಂದರು, ಕೊನೆಗೆ ಕಂಪನಿಯ ಮೇಲ್ವಿಚಾರಕರೂ ಅದನ್ನೇ ರೂಢಿ ಮಾಡಿಕೊಂಡರು. ಲಿಫ್ಟ್ ರಿಪೇರಿಯಲ್ಲೇ ತಲೆ ನರೆತವನು. ತಾರಸಿಯ ಮೇಲಿನ ಯಂತ್ರದ ಕೋಣೆಗಳಲ್ಲಿ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಬಾಗಿದೆ. ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಜಗ್ಗುವುದಿಲ್ಲ.

ಲಿಫ್ಟ್‌ಗಳಿಗೆ ರಜಾದಿನ ಕಂಡರೆ ಆಗದು. ಶನಿವಾರ, ಭಾನುವಾರಗಳನ್ನೇ ನೋಡಿಕೊಂಡು ಅವು ಕೆಡುತ್ತವೆ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಹೊರಟ ಪ್ರವಾಸಗಳೆಲ್ಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದಿದ್ದವು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಯ ಮುಖ ನೋಡಿ ಫ್ರೇಮ್ ಆರಿಸಿಕೊಡುವುದು ಅವಳ ಕಸುಬು. "ನನಗೆ ಊರು ತುಂಬ ಸವತಿಯರು, ಎಲ್ಲರೂ ಕಬ್ಬಿಣದವರು" ಎಂದು ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದಳು. ಮನೆಯಲ್ಲಿ ಅದೇ ಮಾತನ್ನು ನಗದೆ ಹೇಳುತ್ತಿದ್ದಳು.

ಈ ಸಲ ಪಕ್ಕದ ನಗರಕ್ಕೆ ಎರಡು ದಿನ ಎಂದು ನಿಶ್ಚಯವಾಗಿತ್ತು. ಅಲ್ಲಿ ನದಿಯ ಮೇಲೆ ಹೊಸದಾಗಿ ರೋಪ್‌ವೇ ಹಾಕಿದ್ದಾರೆ, ಗಾಜಿನ ಡಬ್ಬಿಯಲ್ಲಿ ಕೂತು ಆಚೆ ದಡಕ್ಕೆ ಹೋಗಬಹುದು. ಅವಳು ಹಾಕಿದ ಷರತ್ತು ಒಂದೇ: ಅವನ ಫೋನು ಆಫ್ ಆಗಿ ಅವಳ ಕೈಚೀಲದಲ್ಲಿರಬೇಕು. ಅವನು ಒಪ್ಪಿದ್ದ.

ಶನಿವಾರ ಮಧ್ಯಾಹ್ನ ಇಬ್ಬರೂ ರೋಪ್‌ವೇ ಸರದಿಯಲ್ಲಿ ನಿಂತಿದ್ದರು. ಮುಂದೆ ಇನ್ನೊಂದು ಕುಟುಂಬವಷ್ಟೇ ಇತ್ತು. ಅವರು ಡಬ್ಬಿಯೊಳಗೆ ಕೂತ ಮೇಲೆ ಅಲ್ಲಿನ ಕೆಲಸದವನು ಬಾಗಿಲು ಎಳೆದು ಚಿಲಕ ಹಾಕಿದ. ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಿದ. ಹೊರಟವನು ಏನೋ ಅನುಮಾನ ಬಂದವನಂತೆ ತಿರುಗಿ ಬಂದು ಮತ್ತೊಮ್ಮೆ ಜಗ್ಗಿದ.

ಲಿಫ್ಟ್ ಮಾಮನ ಎಡಗೈ ತಾನೇ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು.

ಜೇಬಿನಲ್ಲಿ ಇರುತ್ತಿದ್ದದ್ದು ಜಂಪರ್. ಗೇಣುದ್ದದ ತಂತಿ, ಎರಡು ತುದಿಗೂ ಕ್ಲಿಪ್ಪು. ಹಳೆಯ ಲಿಫ್ಟ್‌ಗಳಲ್ಲಿ ಪ್ರತಿ ಮಹಡಿಯ ಬಾಗಿಲಿಗೂ ಕೊಕ್ಕೆಯ ಬೀಗವಿರುತ್ತದೆ. ಎಲ್ಲ ಕೊಕ್ಕೆಗಳೂ ಸರಿಯಾಗಿ ಕೂತರೆ ಮಾತ್ರ ಲಿಫ್ಟ್ ಕದಲುತ್ತದೆ. ಯಾವ ಮಹಡಿಯ ಕೊಕ್ಕೆ ಕೈಕೊಟ್ಟಿದೆ ಎಂದು ಹುಡುಕುವಾಗ ಮೆಕ್ಯಾನಿಕ್ ಯಂತ್ರದ ಕೋಣೆಯಲ್ಲಿ ಜಂಪರ್ ಸಿಕ್ಕಿಸುತ್ತಾನೆ. ಅದು ಅಲ್ಲಿರುವಷ್ಟು ಹೊತ್ತು ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಲಿಫ್ಟ್ ನಂಬುತ್ತದೆ. ಕೆಲಸ ಮುಗಿದ ಮೇಲೆ ತಂತಿ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಜೇಬಿನಲ್ಲಿ ಜಂಪರ್ ಇದ್ದರೆ ಲಿಫ್ಟ್ ಕ್ಷೇಮ. ಅವನ ಇಷ್ಟು ವರ್ಷಗಳ ಲೆಕ್ಕ ಅಷ್ಟೇ.

"ಏನ್ರೀ, ನಮ್ಮ ಸರದಿ ಬಂತು" ಎಂದಳು ಹೆಂಡತಿ.

ಅವನು ಸರದಿಯಿಂದ ಹೊರಗೆ ಬಂದ. ಹಿಂದಿದ್ದವರು ಮುಂದೆ ಹೋದರು. ಅವಳು ಮುಖ ಊದಿಸಿಕೊಂಡೇ ಅವನ ಹಿಂದೆ ಬಂದಳು.

"ನಿನ್ನೆ ನನ್ನ ಅಂಗಿ ಒಗೆಯೋಕೆ ಹಾಕಿದ್ಯಲ್ಲ, ಜೇಬು ನೋಡಿದ್ಯಾ?"

ದಿನವೂ ಅಂಗಿ ನೆನೆಹಾಕುವ ಮುಂಚೆ ಜೇಬಿನಿಂದ ಆ ತಂತಿಯನ್ನು ತೆಗೆದು, "ತಗೊಳ್ಳಿ ನಿಮ್ಮ ಹಾವಿನ ಮರಿ" ಎಂದು ಅವನತ್ತ ಎಸೆಯುವುದು ಅವಳ ರೂಢಿ. ನಿನ್ನೆ ಎಸೆದಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ನೆನಪಿದೆ ಎಂದರೆ ಈ ಪ್ರವಾಸವೂ ಇಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಿತ್ತು.

"ನೋಡಿದೆ" ಎಂದಳು. "ಪೆನ್ನಿನ ಮುಚ್ಚಳ ಇತ್ತು. ಹಾವು ಇರಲಿಲ್ಲ."

ಅವನು ರೋಪ್‌ವೇ ಕಟ್ಟೆಯ ಮೇಲೆ ಕೂತ. ಶುಕ್ರವಾರ ಸಂಜೆಯದ್ದೆಲ್ಲ ಈಗ ಒಂದೊಂದಾಗಿ ಕಣ್ಣ ಮುಂದೆ ಬಂತು. ಹಳದಿ ಬಣ್ಣದ ಆರು ಮಹಡಿಯ ಕಟ್ಟಡ. ಲಿಫ್ಟ್ ನಿಂತಿತ್ತು. ಜಂಪರ್ ಸಿಕ್ಕಿಸಿ ನಾಲ್ಕನೇ ಮಹಡಿಯ ಕೊಕ್ಕೆ ಸವೆದಿರುವುದನ್ನು ಕಂಡುಹಿಡಿದು, ಇಕ್ಕಳದಲ್ಲಿ ಬಗ್ಗಿಸಿ ಕೂರಿಸಿದ. ಅಷ್ಟರಲ್ಲಿ ಅವಳ ಫೋನು: "ಬರ್ತೀರಾ ಇಲ್ಲಾ ಬ್ಯಾಗ್ ಜೊತೆ ನಾನೊಬ್ಬಳೇ ಬಸ್ ಹತ್ಲಾ?" ಬಂದೆ ಎಂದ. ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ನೋಡಿದ. ಓಡಿತು. ಸರಿಹೋಯಿತು ಎಂದು ಇಳಿದು ಬಂದ.

ಜಂಪರ್ ಸಿಕ್ಕಿಸಿದ್ದರೆ ಅದು ಹೇಗಿದ್ದರೂ ಓಡುತ್ತದೆ. ಕೊಕ್ಕೆ ಕೂತಿತ್ತೋ ಇಲ್ಲವೋ ಅವನಿಗೆ ಗೊತ್ತೇ ಇಲ್ಲ. ಕೂತಿರದಿದ್ದರೆ ನಾಲ್ಕನೇ ಮಹಡಿಯ ಬಾಗಿಲು ಎಳೆದರೆ ಸಾಕು, ತೆರೆದುಕೊಳ್ಳುತ್ತದೆ. ಲಿಫ್ಟ್ ಅಲ್ಲಿರಲಿ, ಇಲ್ಲದಿರಲಿ.

ಇದನ್ನು ಅವಳಿಗೆ ಹೇಳಿದ. ಅವಳ ಮುಖದ ಊತ ಇಳಿಯಿತು.

"ಈಗಲೇ ಬಸ್ ಹಿಡಿದ್ರೆ ಎರಡು ಗಂಟೆ" ಎಂದ ಅವನು. "ಹೋಗಿ ಮೇಲೆ ಹತ್ತಿ ಕಿತ್ಕೊಂಡು ಬಂದ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅಲ್ಲಿವರೆಗೆ?"

ಅವನು ಚಪ್ಪಲಿ ನೋಡುತ್ತ ಕೂತ. ಜಂಪರ್ ಮರೆತವನಿಗೆ ಕಂಪನಿಯಲ್ಲಿ ಎರಡನೇ ಮಾತಿಲ್ಲ. ಅವನ ಜೊತೆಗೇ ಸೇರಿದ್ದ ಒಬ್ಬ ಮೆಕ್ಯಾನಿಕ್ ಹಾಗೆಯೇ ಮನೆಗೆ ಹೋಗಿದ್ದ. ಆ ವಿಚಾರಣೆಯಲ್ಲಿ ಇವನೂ ಕೂತಿದ್ದ, ಮೇಲ್ವಿಚಾರಕರ ಮಾತಿಗೆ ತಲೆಯಾಡಿಸಿದ್ದ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ನಾರು ಕೊಡುತ್ತಾರೆ?

"ನಾಲ್ಕನೇ ಮಹಡೀಲಿ ಯಾರಿದಾರೆ?" ಎಂದು ಕೇಳಿದಳು.

"ಒಬ್ಬರು ಅಜ್ಜಿ. ರಿಟೈರ್ಡ್ ಟೀಚರ್. ಕಣ್ಣು ಮಂಜು." ಆಮೇಲೆ ತಡೆದು ಹೇಳಿದ: "ದಿನಾ ಸಂಜೆ ಪಾರ್ಕಿಗೆ ಇಳೀತಾರೆ. ಲಿಫ್ಟ್ ಬಂತಾ ಅಂತ ಬಾಗಿಲು ಎಳೆದೆಳೆದು ನೋಡ್ತಾರೆ. ಎಳೀಬೇಡಿ ಅಂತ ಎಷ್ಟು ಸಲ ಬೈದಿದೀನಿ."

ಅವಳು ಕೈಚೀಲದಿಂದ ಫೋನು ತೆಗೆದು ಆನ್ ಮಾಡಿ ಅವನ ಕೈಗಿಟ್ಟಳು. ಪರದೆ ಬೆಳಗುವುದಕ್ಕೆ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಿತು. ಹಳೆಯ ಸಂದೇಶಗಳು ಕೀಚುಕೀಚು ಎನ್ನುತ್ತ ಒಂದರ ಮೇಲೊಂದು ಬಂದವು. ಅವನು ಕಟ್ಟಡದ ಕಾವಲುಗಾರನಿಗೆ ಕರೆ ಮಾಡಿದ.

"ಮಾಮಾ, ಏನ್ ಸಮಾಚಾರ. ಟೂರ್ ಹೋಗಿದೀಯಂತೆ?" ಕಾವಲುಗಾರ ಮಾತಿನ ಮಲ್ಲ.

"ಲಿಫ್ಟ್ ಹೇಗಿದೆ?"

"ಬೆಣ್ಣೆ ಬೆಣ್ಣೆ. ನಿನ್ನ ಕೈ ಬಿದ್ದ ಮೇಲೆ ಕೇಳ್ಬೇಕಾ?"

"ಮೇನ್ ಆಫ್ ಮಾಡು. ಈಗಲೇ. ಕೆಳಗೆ ಮೀಟರ್ ರೂಮಲ್ಲಿ, ಬಲಗಡೆ ದೊಡ್ಡ ಹಿಡಿಕೆ."

"ಚೆನ್ನಾಗಿ ಓಡೋದನ್ನ ಯಾಕಪ್ಪ ನಿಲ್ಲಿಸ್ಬೇಕು? ಆಮೇಲೆ ಜನ ನನ್ನ ಚರ್ಮ ಸುಲೀತಾರೆ."

"ಕೈ ಮುಗೀತೀನಿ. ಮೊದಲು ಆಫ್ ಮಾಡು, ಆಮೇಲೆ ಬೈಯಿ."

ಆ ದನಿ ಕೇಳಿ ಕಾವಲುಗಾರ ಹೊರಟ. ಫೋನು ಜೇಬು ಸೇರಿದ ಸದ್ದು. ಬಟ್ಟೆಯ ಸರಬರ, ಬೀಗದ ಗೊಂಚಲು, ಯಾವುದೋ ಬಾಗಿಲು ತೆರೆಯದೆ ಅವನು ಗೊಣಗಿದ್ದು. ಲಿಫ್ಟ್ ಮಾಮ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಹೆಂಡತಿ ಇನ್ನೊಂದು ಕಡೆಯಿಂದ ಕಿವಿ ತಂದಿಟ್ಟಳು. ತಲೆಯ ಮೇಲೆ ಗಾಜಿನ ಡಬ್ಬಿಯೊಂದು ಮಕ್ಕಳ ಕೇಕೆಯೊಡನೆ ಸಾಗಿ ಹೋಯಿತು.

ದಡಕ್ ಎಂದು ಸದ್ದಾಯಿತು. ಹಿಂದೆಯೇ ದೂರದಿಂದ ಯಾರೋ ತಗಡು ಬಡಿಯುವ ಸದ್ದು.

"ಆಫ್ ಆಯ್ತು ಮಾರಾಯ" ಎಂದ ಕಾವಲುಗಾರ. "ಒಳಗೆ ನಮ್ಮ ಬಿಲ್ಡಿಂಗ್ ಸೆಕ್ರೆಟರಿ ಸಿಕ್ಕಾಕೊಂಡ್ರು. ಹೊಸ ಕುರ್ಚಿ ತಗೊಂಡು ಹೋಗ್ತಿದ್ರು."

"ಕುರ್ಚಿ ಇದೆ ತಾನೆ, ಕೂತಿರ್ಲಿ. ನೀನು ನಾಲ್ಕನೇ ಮಹಡಿಗೆ ಓಡು. ಅಜ್ಜಿ ಬಾಗಿಲು ಮುಟ್ಟಬಾರದು."

ಮೆಟ್ಟಿಲು ಹತ್ತುವವನ ಏದುಸಿರು ಕೇಳಿಸಿತು. ಹೆಂಡತಿ ಅವನ ತೋಳನ್ನು ಹಿಡಿದಿದ್ದಳು. ಉಗುರು ನಾಟುತ್ತಿತ್ತು, ಅವನಿಗೆ ತಿಳಿಯಲಿಲ್ಲ. ಕಡೆಗೆ ಫೋನಿನಲ್ಲಿ ಅಜ್ಜಿಯ ದನಿಯೇ ಕೇಳಿತು, ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವಂಥದ್ದು.

"ಅವನೇನಾ ಫೋನಲ್ಲಿ? ಕೊಡು ಇಲ್ಲಿ. ಏನಯ್ಯಾ, ನಿನ್ನೆ ಅದೇನು ರಿಪೇರಿ ಮಾಡಿದೆ? ಲಿಫ್ಟ್ ಒಳಗಡೆ ಬಲ್ಬೇ ಇಲ್ಲ."

"ಬಲ್ಬಾ?"

"ಬೆಳಿಗ್ಗೆ ಬಾಗಿಲು ತೆಗೆದೆ. ಗವ್ ಅಂತ ಕತ್ತಲೆ. ಕಾಲಿಡೋಣ ಅಂದ್ಕೊಂಡೆ, ಮುಗ್ಗರಿಸಿದ್ರೆ ಯಾರು ಎತ್ತುತಾರೆ ಅಂತ ಮೆಟ್ಟಿಲು ಇಳಿದೆ. ಈಗ ನೋಡೋಣ ಅಂತ ಬಂದ್ರೆ ಕರೆಂಟೇ ಇಲ್ಲ ಅಂತಾನೆ ಇವನು. ಒಂದು ಬಲ್ಬ್ ಹಾಕೋಕೆ ನಿಮಗೇನು ರೋಗ?"

ಒಳಗಿನ ಬಲ್ಬನ್ನು ಲಿಫ್ಟ್ ಮಾಮನೇ ಹೋದ ವಾರ ಬದಲಾಯಿಸಿದ್ದ. ಅಜ್ಜಿ ನೋಡಿದ್ದು ಲಿಫ್ಟನ್ನಲ್ಲ.

"ತಪ್ಪಾಯ್ತಮ್ಮ" ಎಂದ. "ನೀವು ಮನೆಯೊಳಗೆ ಹೋಗಿ. ಆ ಬಾಗಿಲಿಗೆ ಅವನು ಹಗ್ಗ ಕಟ್ತಾನೆ."

ಕರೆ ಮುಗಿಸಿ ಅವನು ಫೋನಿನಲ್ಲಿ ಇನ್ನೊಂದು ನಂಬರು ಹುಡುಕತೊಡಗಿದ. ಅವಳು ಬಾಯಿ ತೆರೆದಳು. "ಆಫ್ ಆಯ್ತಲ್ಲ. ಈಗ ಬೇಕಾದ್ರೆ ಬಸ್ಸಲ್ಲಿ ಹೋಗಿ ನೀವೇ ಕಿತ್ಕೊಂಡು ಬರಬಹುದು. ಸೆಕ್ರೆಟರಿಗೆ ಕುರ್ಚಿನೂ ಇದೆ." ಅವಳು ತಮಾಷೆ ಮಾಡುತ್ತಿದ್ದಾಳೋ, ದಾರಿ ತೋರಿಸುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

ಅವನು ಅಷ್ಟು ಹೊತ್ತಿಗಾಗಲೇ ಮೇಲ್ವಿಚಾರಕರಿಗೆ ಕರೆ ಮಾಡಿದ್ದ.

"ಸಾರ್, ಹಳದಿ ಬಿಲ್ಡಿಂಗಿಗೆ ಯಾರನ್ನಾದ್ರೂ ಕಳಿಸಿ. ಒಬ್ಬರು ಒಳಗಿದಾರೆ. ಜಂಪರ್ ಹಾಗೇ ಇದೆ, ನಾಲ್ಕನೇ ಮಹಡಿ ಬಾಗಿಲು ಕೈಲಿ ತೆಗೀತಿದೆ."

"ಯಾರು ಬಿಟ್ಟಿದ್ದು?"

"ನಾನೇ."

"ನೀನಾ?" ಎಂದರು ಮೇಲ್ವಿಚಾರಕರು. ಬೈದಿದ್ದರೆ ಚೆನ್ನಾಗಿತ್ತು. "ಅದೆಂಥಾ ಅವಸರ ಇತ್ತೋ?"

ಹೆಂಡತಿ ತನ್ನ ಎದೆಯತ್ತ ಬೆರಳು ತೋರಿಸಿದಳು: ನನ್ನ ಫೋನು ಬಂತು ಅಂತ ಹೇಳಿ. ಅವನು ಆ ಬೆರಳನ್ನು ಹಿಡಿದು ಕೆಳಗಿಳಿಸಿದ.

"ಅವಸರ ಏನಿರಲಿಲ್ಲ ಸಾರ್. ಮರೆತೆ."

"ಸೋಮವಾರ ಆಫೀಸಿಗೆ ಬಾ. ಬ್ಯಾಗು, ಕೀಲಿಗಳು ಎಲ್ಲ ತಗೊಂಡು ಬಾ."

ಇನ್ನೊಬ್ಬ ಮೆಕ್ಯಾನಿಕ್ ಅಲ್ಲಿಗೆ ತಲುಪಿ ಸುದ್ದಿ ಹೇಳುವವರೆಗೆ ಲಿಫ್ಟ್ ಮಾಮ ಆ ಕಟ್ಟೆ ಬಿಟ್ಟು ಏಳಲಿಲ್ಲ. ಅವಳು ತಂದುಕೊಟ್ಟ ಟೀ ಕೆನೆಗಟ್ಟಿತು. ಕಡೆಗೆ ಫೋನು ಬಂತು. ಸೆಕ್ರೆಟರಿಯನ್ನು ಹೊರಗೆ ತೆಗೆದಾಗಿತ್ತು, ತಂತಿ ಕಿತ್ತಾಗಿತ್ತು. ಕಿತ್ತ ಮೇಲೆ ಲಿಫ್ಟ್ ಅಲುಗಾಡಲೂ ಇಲ್ಲವಂತೆ. "ಕೊಕ್ಕೆ ಕೂತೇ ಇರಲಿಲ್ಲ ಅಣ್ಣ" ಎಂದ ಆ ಮೆಕ್ಯಾನಿಕ್, ಮೆಲ್ಲಗೆ, ತಾನೇ ತಪ್ಪು ಮಾಡಿದವನಂತೆ.

ಸರದಿ ಕರಗಿತ್ತು. ರೋಪ್‌ವೇ ಕೆಲಸದವನು ಕೊನೆಯ ಸುತ್ತು ಎಂದು ಕೂಗಿದ. ಇಬ್ಬರೂ ಆ ಕಡೆ ನೋಡಲಿಲ್ಲ.

"ಸೋಮವಾರ ನಾನೂ ಬರ್ತೀನಿ" ಎಂದಳು ಅವಳು.

"ಎಲ್ಲಿಗೆ?"

"ನಿಮ್ಮ ಆಫೀಸಿಗೆ. ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ."

"ನೀನು ಬಂದು ಏನ್ ಮಾಡ್ತೀಯ?"

"ಏನೂ ಮಾಡಲ್ಲ. ನೀವು ಹೊರಗೆ ಬಂದಾಗ ಬ್ಯಾಗ್ ಇಲ್ಲದೆ ಕೈ ಎಲ್ಲಿಡೋದು ಅಂತ ಗೊತ್ತಾಗಲ್ಲ ನಿಮಗೆ."

ಅವನು ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದ. "ಅಂಗಡೀಲಿ ರಜ ಕೊಡ್ತಾರಾ?" ಎಂದು ಕೇಳಿದ.