ಕಿಟಕಿ ಮುಚ್ಚಿದ ಶೆಡ್ಡು

ಅಣ್ಣನ ಬಲಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ಕಲ್ಲು ಕರಗಿಸುವ ಆ್ಯಸಿಡ್ ತಿಂದುಹಾಕಿತ್ತು. ಉಣ್ಣುವಾಗ ಯಾರಾದರೂ ಎದುರಿಗಿದ್ದರೆ ಆ ಬೆರಳುಗಳನ್ನು ಮಡಚಿಕೊಳ್ಳುತ್ತಿದ್ದ.

ಅವನು ಮೂಡಿಗೆರೆಯಲ್ಲಿ ಕಾಲೇಜು ಮೇಷ್ಟ್ರು. ಮದುವೆಯಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಗೋಣಿಬೀಡಿನ ಅವನ ಮನೆಗೇ ಬಂದೆ. ಅವನು ರಜೆಯಲ್ಲಿ ಬಯಲುಸೀಮೆಯಿಂದ ಕಪ್ಪು ಕಲ್ಲು ತಂದು ಹಿತ್ತಲ ಶೆಡ್ಡಿನಲ್ಲಿ ಕರಗಿಸಿ, ಉಳಿದ ಮಡ್ಡಿಯನ್ನು ಗಾಜಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತಿದ್ದ. ಹುಡುಕುತ್ತಿದ್ದದ್ದು ಮೀನು, ಹುಳು ಹುಟ್ಟುವುದಕ್ಕೂ ಮೊದಲು ಬದುಕಿದ್ದ ಜೀವಗಳು ಕಲ್ಲಿನೊಳಗೆ ಬಿಟ್ಟುಹೋದ ಚುಕ್ಕೆಗಳನ್ನಂತೆ. ಪಾಚಿಯದೋ, ಪ್ರಾಣಿಯ ಮೊಟ್ಟೆಯೋ, ಪಂಡಿತರಿಗೂ ಗೊತ್ತಿಲ್ಲವಂತೆ.

“ಯಾರೂ ನೋಡದ್ದು ಒಂದು ಸಿಕ್ಕಿದ್ರೆ ಸಾಕು ಕಣೇ,” ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ಮುಳ್ಳುಮುಳ್ಳಾದ ಒಂದು ಚುಕ್ಕೆ ಸಿಕ್ಕಿತು. ಪೇಪರಿನಲ್ಲೂ ಬಂತು. ಅಣ್ಣನಿಗೆ ಮಾತ್ರ ಸಮಾಧಾನವಿಲ್ಲ. ಅದು ಕಲ್ಲಿನದೋ, ಗಾಳಿಯಲ್ಲಿ ಬಂದದ್ದೋ ಎಂದು ನೋಡಲು ಖಾಲಿ ಗಾಜಿಗೆ ಅಂಟುವಂತೆ ಗ್ಲಿಸರಿನ್ ಸವರಿ ಶೆಡ್ಡಿನ ಕಿಟಕಿಯಲ್ಲಿಟ್ಟ. ಮರುದಿನ ಅದರಲ್ಲೂ ಅದೇ ಮುಳ್ಳಿನ ಚುಕ್ಕೆ! ಪಕ್ಕದ ತೋಟದ ಕಾಫಿ ಎಲೆಯ ತುಕ್ಕುರೋಗದ ಪುಡಿ ಗಾಳಿಯಲ್ಲಿ ಬಂದು ಕೂತಿತ್ತು. ತಪ್ಪಾಯಿತೆಂದು ಎಲ್ಲರಿಗೂ ಅವನೇ ಬರೆದು ತಿಳಿಸಿದ.

ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಪ್ಲಾಂಟರೊಬ್ಬರು ನನ್ನೆದುರೇ ಕೇಳಿದರು: “ಏನ್ ಮೇಷ್ಟ್ರೇ, ನಮ್ಮ ತೋಟದ ರೋಗಕ್ಕೆ ಕೋಟಿ ವರ್ಷ ಆಯ್ತಂತೆ? ಇನ್ನು ಅದಕ್ಕೆ ಬೋರ್ಡೋ ಔಷಧಿ ಹೊಡೆಯೋದು ದಂಡ ಬಿಡಿ!”

ಅಣ್ಣನೂ ನಕ್ಕ. ಮನೆಗೆ ಬಂದವನೇ ಶೆಡ್ಡಿನ ಕಿಟಕಿಗೆ ಹಲಗೆ ಹೊಡೆದ. ಬಾಗಿಲ ಸಂದಿಗೆ ಬಟ್ಟೆ ತುರುಕಿದ. ಪುಡಿ ಒಳಗೆ ಬರಲಿಲ್ಲ. ಆ್ಯಸಿಡ್ ಹೊಗೆ ಹೊರಗೆ ಹೋಗಲಿಲ್ಲ.

“ಕಿಟಕಿ ತೆಗಿಯೋ, ಸಾಯ್ತೀಯ,” ಎಂದು ಬಾಗಿಲು ಬಡಿಯುತ್ತಿದ್ದೆ.

“ಇನ್ನೊಂದು ಕಲ್ಲು ಮಾರಾಯ್ತಿ, ಇನ್ನೊಂದೇ.”

ಕೆಮ್ಮಿನಲ್ಲಿ ರಕ್ತ ಬರತೊಡಗಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ. ಕಂದುಬಣ್ಣದ ದುಂಡು ಚೀಲ, ಒಂದು ಕಡೆ ಸೀಳಿತ್ತು.

“ಇದು ಕಲ್ಲಿನದ್ದೇ. ಖಾಲಿ ಗಾಜಲ್ಲಿ ಒಂದ್ಸಲವೂ ಬಂದಿಲ್ಲ.”

“ಏನದು?”

“ಗೊತ್ತಿಲ್ಲ.” ಅಷ್ಟು ಸಂತೋಷದಿಂದ ಅವನು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

“ಎಲ್ರಿಗೂ ಹೇಳೋ ಹಾಗಾದ್ರೆ.”

“ಒಂದ್ಸಲ ನಗೆಪಾಟಲಾದವ್ನ ಮಾತು ಯಾರು ಕೇಳ್ತಾರೆ? ಹುಷಾರಾಗ್ಲಿ, ನೋಡುವ.”

ಹುಷಾರಾಗಲಿಲ್ಲ. ಶ್ವಾಸಕೋಶ ಪೂರ್ತಿ ಸುಟ್ಟಿದೆ ಎಂದರು ಡಾಕ್ಟರು. ಮಳೆಗಾಲ ಮುಗಿಯುವ ಮೊದಲೇ ಹೋದ.

ಮೈಕ್ರೋಸ್ಕೋಪನ್ನು ಕಾಲೇಜಿನವರು ಒಯ್ದರು. ಆ ಗಾಜನ್ನೂ ತೋರಿಸಿದೆ. ಹೊಸ ಮೇಷ್ಟ್ರು, “ಅದೇ ಕಾಫಿ ತುಕ್ಕಿನ ಪುಡಿ ಇರ್ಬೇಕಮ್ಮ,” ಎಂದು ನೋಡದೆಯೇ ತಿರುಗಿ ಕೊಟ್ಟರು. ಬರಿಗಣ್ಣಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಅದನ್ನು ಕಂಡವರು ಲೋಕದಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬಳು.