ಮೂರು ಒನ್ಸ್ ಮೋರ್

ನನ್ನ ಅಪ್ಪ ಕಲ್ಯಾಣಪ್ಪ ಹನ್ನೊಂದು ವರ್ಷ ನಾಟಕ ಕಂಪನಿಯಲ್ಲಿದ್ದರು, ಆದರೆ ಒಂದು ದಿನವೂ ಬಣ್ಣ ಹಚ್ಚಲಿಲ್ಲ. ಅವರದು ಪರದೆ ಎಳೆಯುವ ಕೆಲಸ. ಕಂಪನಿ ಮುಚ್ಚಿದ ಮೇಲೆ ಕಲಬುರಗಿ ಸೀಮೆ ಬಿಟ್ಟು ಹೈದರಾಬಾದಿಗೆ ಬಂದು ನಾಚಾರಂನ ಪೈಪು ಕಾರ್ಖಾನೆ ಸೇರಿದರು. ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಇಪ್ಪತ್ತು ನಾಟಕಗಳ ಹಾಡು. ಟ್ರಂಕು ತುಕ್ಕು ಹಿಡಿಯಿತು, ಹಾಡುಗಳು ನಮ್ಮ ಪಾಲಿಗೆ ಬಂದವು.

ಅಪ್ಪನ ಪಾಳಿ ಮುಗಿದ ಸಂಜೆ ನಮ್ಮ ಒಂದೇ ಕೋಣೆ ರಂಗಮಂದಿರವಾಗುತ್ತಿತ್ತು. ಅವ್ವ ಶಿವದೇವಿಯ ದನಿ ದಪ್ಪ, ಅದಕ್ಕೇ ಅವಳು ರಾಜ. ತಮ್ಮ ವೈಭವ ತಲೆಗೆ ಟವೆಲು ಸುತ್ತಿಕೊಂಡು, ಮುಖ ಊದಿಸಿಕೊಂಡೇ ರಾಣಿಯಾಗುತ್ತಿದ್ದ. ನಾನು ಶೈಲಾ, ಯುದ್ಧದಲ್ಲಿ ಗಾಯಗೊಂಡು ಹಾಡಿ ಸಾಯುವ ನಾಯಕ. ಹಗ್ಗಕ್ಕೆ ಕಟ್ಟಿದ ಅವ್ವನ ಹಳೆಯ ಸೀರೆಯೇ ಪರದೆ, ಅದರ ತುದಿ ಅಪ್ಪನ ಕೈಯಲ್ಲಿ.

ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಮುಗಿಯಿತು, ಸತ್ತ ನಾಯಕನೂ ಎದ್ದು, ಮೈ ಕೊಡವಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ನಮ್ಮ ಮನೆಯಲ್ಲೂ ಅದೇ ಕಾನೂನು.

“ಎದ್ದ ಮ್ಯಾಲ ಮೊದಲಿನಂಗ ಹಾಡಬ್ಯಾಡ,” ಎನ್ನುತ್ತಿದ್ದರು ಅಪ್ಪ. “ಮೊದಲಿಗಿಂತ ಚಂದ ಹಾಡು. ಹಿಂದ ಕುಂತವರಿಗೂ ಮುಟ್ಟಬೇಕು.”

ಹಿಂದೆ ಕುಳಿತವರೆಂದರೆ ಗಲ್ಲಿಯ ನಲ್ಲಿಗೆ ಕೊಡ ಹಚ್ಚಿ ನಿಂತ ನೆರೆಮನೆಯ ಗುರುಬಾಯಿ. ಅಲ್ಲಿಂದಲೇ ಅವಳು “ಕೇಳಸವಲ್ದು” ಎಂದರೆ ನಾನು ಮತ್ತೆ ಏಳಬೇಕು. ಒಂದು ಸಂಜೆ ಆರು ಸಲ ಸತ್ತಿದ್ದೇನೆ. ಎಂಥ ಸುಖ ಅದು!

ಇಸವಿ ಎರಡು ಸಾವಿರದ ಎರಡು. ಬೇಗಂಪೇಟೆಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಅವುಗಳೊಳಗೆ ಕುಳಿತು ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುವವರು ಬೇಕಾಗಿದ್ದರು. ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಓದಿದ್ದು ತೆಲುಗು ಮಾಧ್ಯಮ, ಇಂಗ್ಲಿಷ್ ಸಾಲದೆಂದು ಎರಡು ಕಡೆ ವಾಪಸು ಕಳಿಸಿದ್ದರು. ಮೂರನೆಯದೂ ತಪ್ಪಿದರೆ ಪಟಾನ್‌ಚೆರುವಿನ ಬಸ್ಸು ಹತ್ತಿ, ಔಷಧಿ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸಬೇಕು. ದಿನವಿಡೀ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ.

ಪರೀಕ್ಷೆಯ ದಿನ ಕಿವಿಗೆ ಹೆಡ್‌ಫೋನ್ ಹಾಕಿ ಕೈಗೊಂದು ಹಾಳೆ ಕೊಟ್ಟರು. ಗಾಜಿನಾಚೆ ಕನ್ನಡಕದ ಹೆಂಗಸೊಬ್ಬಳು ಕುಳಿತಿದ್ದಳು. ನನ್ನ ಮುಂದಿನ ಹುಡುಗಿ ಓದಿದಳು, ದೊಡ್ಡ ಕಾನ್ವೆಂಟಿನ ಇಂಗ್ಲಿಷು, ಬೆಣ್ಣೆಯ ಹಾಗೆ. ಆದರೂ ಆ ಹೆಂಗಸು “ಒನ್ಸ್ ಮೋರ್” ಎಂದಳು. ಹುಡುಗಿಯ ಮುಖ ಸಪ್ಪಗಾಯಿತು. ಮೂರನೆಯ ಸಲಕ್ಕೆ ಅವಳ ದನಿ ಗಂಟಲೊಳಗೇ ಉಳಿಯಿತು. ನನಗೋ ಆಶ್ಚರ್ಯ, ಇಷ್ಟು ಹೊಗಳಿದರೂ ಇವಳಿಗೇಕೆ ಬೇಸರ?

ನನ್ನ ಸರದಿ ಬಂತು. ತಡವರಿಸಿಕೊಂಡು ಓದಿದೆ. “ಒನ್ಸ್ ಮೋರ್,” ಎಂದಳು ಆಕೆ.

ಆ ಪದಗಳ ಅರ್ಥ ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಮ್ಮ ಮನೆಯಲ್ಲಿ ಅವಕ್ಕೆ ಇದ್ದದ್ದು ಒಂದೇ ಅರ್ಥ, ಭೇಷ್! ನೆಟ್ಟಗೆ ಕುಳಿತು ಗುರುಬಾಯಿಯ ಕೊಡಕ್ಕೆ ಮುಟ್ಟುವ ಹಾಗೆ ಓದಿದೆ. ಮತ್ತೆ ಒನ್ಸ್ ಮೋರ್. ಇನ್ನೂ ಚಂದ ಓದಿದೆ. ಮತ್ತೂ ಒಮ್ಮೆ ಅಂದಾಗ ನಗು ತಡೆಯಲಾಗದೆ ನಗುನಗುತ್ತಲೇ ಓದಿದೆ.

ಆ ಹೆಂಗಸು ಕನ್ನಡಕ ತೆಗೆದು ತೆಲುಗಿನಲ್ಲಿ ಕೇಳಿದಳು, ಬೇಸರವಾಗಲಿಲ್ಲವೇ ಎಂದು. ಎಲ್ಲರಿಗೂ ಬೇಕೆಂದೇ ಹೀಗೆ ಓದಿಸುತ್ತಾರಂತೆ. ಫೋನಿನಲ್ಲಿ ಗಿರಾಕಿಗಳು ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆ, ಯಾರ ದನಿ ಕುಗ್ಗುವುದಿಲ್ಲವೋ ಅವರೇ ಬೇಕು. ಇಂಗ್ಲಿಷನ್ನು ನಾವೇ ತಿದ್ದುತ್ತೇವೆ, ಸೋಮವಾರದಿಂದ ಬಾ ಎಂದಳು. ಆಗ ನನ್ನ ಪೆದ್ದುತನ ನನಗೇ ಅರ್ಥವಾಯಿತು.

ಮನೆಗೆ ಓಡಿಬಂದು ಹೇಳಿದೆ. ಅವ್ವ ಸಕ್ಕರೆ ಡಬ್ಬಿಗೆ ಕೈ ಹಾಕಿದಳು. ಅಪ್ಪ ಕೇಳಿದ್ದು ಒಂದೇ. “ಎಷ್ಟು ಒನ್ಸ್ ಮೋರ್ ಬಿದ್ದವು?”

“ಮೂರು. ಆದ್ರ ಅಪ್ಪಾ, ಅದು ಹೊಗಳಿಕಿ ಅಲ್ಲ. ನನ್ನ ಕಾಡಾಕ ಅಂದಿದ್ದು.”

“ಗೊತ್ತೈತಿ,” ಎಂದರು ಅಪ್ಪ. “ಕಂಪನ್ಯಾಗೂ ಅರ್ಧಾ ಮಂದಿ ಚ್ಯಾಷ್ಟಿಗೇ ಕೂಗತಿದ್ರು. ನಾ ಪರದೆ ಹಿಂದ ನಿಂತು ನೋಡೀನಿ. ಯಾಂವ ಹೊಗಳಿಕಿ ಅಂತ ತಿಳಕೊಂಡು ಏಳತಿದ್ನೋ, ಅವನ ಮುಂದ ಚ್ಯಾಷ್ಟಿ ಮಾಡವ್ರೂ ಸುಮ್ಮನಾಗತಿದ್ರು. ಅದಕ್ಕ ನಿಮಗ ಹಂಗ ಕಲಿಸೀನಿ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಸೀರೆಯ ತುದಿಯನ್ನು ನಾನೇ ಹಿಡಿದೆ. “ಇವತ್ತ ನೀ ಹಾಡಪ್ಪಾ.”

ಅಪ್ಪ ನಾಚಿಕೊಂಡರು. ಆಮೇಲೆ ಕಾರ್ಖಾನೆಯ ಖಾಕಿ ಅಂಗಿಯಲ್ಲೇ ಚಾಪೆಯ ನಡುವೆ ನಿಂತು, ನಾಯಕನ ಕೊನೆಯ ಹಾಡನ್ನು ಪೂರ್ತಿ ಹಾಡಿ, ಅಂಗಾತ ಬಿದ್ದು ಕಣ್ಣು ಮುಚ್ಚಿದರು. ನಾನು ಪರದೆಯನ್ನು ಅರ್ಧಕ್ಕೇ ತಡೆದೆ. ನಾವು ಮೂವರು ಬಾಯಿ ತೆರೆಯುವ ಮೊದಲೇ ನಲ್ಲಿಯ ಕಡೆಯಿಂದ ಗುರುಬಾಯಿ ಒನ್ಸ್ ಮೋರ್ ಎಂದು ಕೂಗಿದಳು.