ಚೊಗರು ಹಚ್ಚಿದ ಸೀಟು

ಸುಳ್ಳು ಹೇಳಿದವಳು ನಾನು. ತಮ್ಮ ಅಲ್ಲ, ಪರೀಕ್ಷಕರ ಕಣ್ಣು ತಪ್ಪಿದ್ದೂ ಅಲ್ಲ — ನಾನೇ. ಶಿರಸಿಯಲ್ಲಿ ನಡೆದ ಹಳೇ ಕಾರುಗಳ ಸ್ಪರ್ಧೆಯಲ್ಲಿ ನನ್ನ ತಮ್ಮ ಮಂಜುನಾಥನ ಕರಿ ಕಾರಿಗೆ ಬಂದ ಬಹುಮಾನದ ಕಪ್ಪು, ನ್ಯಾಯವಾಗಿ ವಾನಳ್ಳಿಯ ನಾರಾಯಣ ನಾಯ್ಕನದ್ದು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಸೊಟ್ಟ ಇದ್ದರೆ ಇರಲಿ. ವಿಷಯವನ್ನು ಸೊಟ್ಟ ಮಾಡುವುದಿಲ್ಲ.

ನಾಯ್ಕ ಡ್ರೈವರ್. ಊರ ಒಡೆಯರ ಹಸಿರು ಕಾರನ್ನು ಮೂವತ್ತು ವರ್ಷ ಓಡಿಸಿದವನು. ಒಡೆಯರು ಹೋದ ಮೇಲೂ ಕಾರು ಅವನ ಮನೆ ಮಾಡಿನ ಕೆಳಗೇ ಇತ್ತು, ಕಾಗದಪತ್ರ ಮಾತ್ರ ಅವರ ಮಕ್ಕಳ ಹೆಸರಲ್ಲಿ. 'ಕಪ್ಪು ಬಂದರೆ ಕಾರು ನಿನ್ನ ಹತ್ತಿರವೇ ಇರಲಿ, ಇಲ್ಲದಿದ್ದರೆ ಮಾರಿಬಿಡ್ತೇವೆ' ಅಂದಿದ್ದರಂತೆ ಅವರು. ಸ್ಪರ್ಧೆಗೆ ಒಂದು ವಾರ ಮೊದಲು ಹುಲೇಕಲ್ ಬಸ್ಸಿನಲ್ಲಿ ಸಿಕ್ಕಾಗ ಇದನ್ನು ಅವನೇ ನನಗೆ ಹೇಳಿದ. ನಾನೂ ನನ್ನ ಮನೆಯ ಸುದ್ದಿ ಹೇಳಿದೆ — ಈ ವರ್ಷ ಸೊಂಟ ಹಿಡಿದು ಅಡಿಕೆ ಸುಲಿದು ಬೇಯಿಸಲಿಕ್ಕೆ ಆಗಲಿಲ್ಲ, ಹಸಿಯಾಗಿಯೇ ಮಾರಿದೆವು ಅಂತ. ಗೊತ್ತಿದ್ದೇ ಮಾಡಿದೆ ಅನ್ನುವುದಕ್ಕೆ ಇಷ್ಟು ಬರೆದೆ.

ಆ ಬಸ್ಸಿಳಿದು ಇಸಳೂರಿಗೆ, ತಮ್ಮನ ಮನೆಗೆ ಹೋದೆ. ನಮ್ಮ ಅಪ್ಪನ ಕಾಲದ ಕಾರು, ಸೀಟನ್ನು ಇಲಿ ತಿಂದು ಮುಗಿಸಿತ್ತು. ತಮ್ಮ ಹುಬ್ಬಳ್ಳಿಗೆ ಒಯ್ದು ಹೊಸ ಚರ್ಮ ಹಾಕಿಸಿದ್ದ. ಎಷ್ಟು ಭಾಗ ಮೂಲದ್ದು ಉಳಿದಿದೆ ಅನ್ನುವುದಕ್ಕೇ ಹೆಚ್ಚು ಅಂಕ ಅಂತ ಅವನಿಗೆ ಆಮೇಲೆ ತಿಳಿಯಿತು.

'ಅಕ್ಕಾ, ಎಂತಾರೂ ಮಾಡೇ. ನಿನ್ನೆ ಹೊಲಿಸಿದ್ದು ಹೇಳಿ ಕುರುಡಂಗೂ ಗೊತ್ತಾಗ್ತು.'

ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿಗೆ ನಾವು ಚೊಗರು ಅನ್ನುತ್ತೇವೆ. ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಬಣ್ಣ ಹೋಗದು. ಪಕ್ಕದ ಮನೆಯಿಂದ ಒಂದು ಕೊಡ ತಂದೆ. ಹಳೇ ಸೀರೆ ಚೂರು ಅದ್ದಿ ಮೂರು ದಿನ ಆ ಚರ್ಮಕ್ಕೆ ಹಚ್ಚಿದೆ, ಒಣಗಿಸಿದೆ, ಮತ್ತೆ ಹಚ್ಚಿದೆ. ಮೇಲಿಂದ ಮುರುಗಲು ಬೀಜದ ತುಪ್ಪ ತಿಕ್ಕಿದೆ. ಐವತ್ತು ವರ್ಷ ಮನುಷ್ಯರು ಕೂತೆದ್ದ ಹಾಗೆ ಬಂತು. ನಾಚಿಕೆ ಆಗಬೇಕಿತ್ತು — ಹೆಮ್ಮೆ ಆಯಿತು.

ಸ್ಪರ್ಧೆಯ ದಿನ ಮೂವರು ಪರೀಕ್ಷಕರು ಬಂದರು. ಕೈಯಲ್ಲಿ ಬ್ಯಾಟರಿ, ಕೋಲಿಗೆ ಕಟ್ಟಿದ ಕನ್ನಡಿ. ಕಾರಿನ ಅಡಿಗೆ ಕನ್ನಡಿ ತೂರಿಸಿ ಹೊಟ್ಟೆಯನ್ನೆಲ್ಲ ನೋಡಿದರು. ಕೊನೆಗೆ ಉಳಿದವು ಎರಡೇ, ನಮ್ಮದು ಮತ್ತು ನಾಯ್ಕನದು. ಅವನ ಕಾರಿನಲ್ಲಿ ಒಂದು ತಿರುಪೂ ಬದಲಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಾತ್ರ ಊಟದ ತಟ್ಟೆಯಷ್ಟು ಅಗಲದ ತೇಪೆ.

'ಇದೇನೋ ಮಾರಾಯಾ, ಇಷ್ಟ ಚಲೋ ಗಾಡಿಗೆ ತ್ಯಾಪಿ ಯಾಕ ಹಚ್ಚೀದಿ?' ಅಂದರು ಹುಬ್ಬಳ್ಳಿ ಕಡೆಯ ಪರೀಕ್ಷಕರು.

ನಾಯ್ಕ ನನ್ನ ಕಡೆ ಒಮ್ಮೆ ನೋಡಿದ. 'ಹರಿದಿತ್ತು ಸ್ವಾಮಿ' ಅಂದ.

ಹರಿದಿರಲಿಲ್ಲ. ಸ್ಪರ್ಧೆಗೆ ಹನ್ನೆರಡು ವರ್ಷ ಹಿಂದೆ ನನ್ನ ಮಗಳನ್ನು ಹೆರಿಗೆಗೆ ಶಿರಸಿ ಆಸ್ಪತ್ರೆಗೆ ಒಯ್ದಿದ್ದು ಅದೇ ಕಾರಿನಲ್ಲಿ. ದಾರಿಯಲ್ಲೇ ಆಯಿತು — ಆ ಸೀಟಿನ ಮೇಲೆ, ಹಾಡಹಗಲಲ್ಲಿ. ನಾಯ್ಕ ಕಾರು ನಿಲ್ಲಿಸಿ, ತನ್ನ ಪಂಚೆ ಬಿಚ್ಚಿ ಒಳಗೆ ಕೊಟ್ಟು, ಚಡ್ಡಿಯಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದ್ದ. ಯಲ್ಲಾಪುರದ ಬೀಗರ ಬಾಯಿ ನನಗೆ ಗೊತ್ತು; 'ದಾರಿ ಮೇಲೆ ಹೆತ್ತವಳು' ಅಂತ ಮಗಳನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲೇ ಆಯಿತು ಅಂತ ಹೇಳಿಸಿದೆ. ಯಾರಿಗೂ ಬಾಯಿ ಬಿಡಬೇಡ ಅಂತ ನಾಯ್ಕನ ಹತ್ತಿರ ಕೈ ಹಿಡಿದು ಕೇಳಿಕೊಂಡೆ. ಕಲೆ ಹೋಗದೆ ಅವನು ಅಷ್ಟು ಜಾಗ ಕತ್ತರಿಸಿ ತೇಪೆ ಹಾಕಿಸಿದ.

ನಾನು ಅಲ್ಲೇ ಇದ್ದೆ. ಹತ್ತಿರ ಹೋಗಿ, 'ಅದು ನಮ್ಮಿಂದ ಆಗಿದ್ದು' ಅನ್ನಬಹುದಿತ್ತು. ಅದಕ್ಕೆ ಅವರು ಅಂಕ ಕೊಡುತ್ತಿದ್ದರೋ ಇಲ್ಲವೋ — ಅದು ಬೇರೆ. ನಾನು ಅನ್ನಲಿಲ್ಲ.

ಆಮೇಲೆ ಅವರು ನಮ್ಮ ಕಾರಿಗೆ ಬಂದರು. ಸೀಟಿನ ಮೇಲೆ ಬಿಳಿ ಕರವಸ್ತ್ರ ತಿಕ್ಕಿದರು. ತುಸು ಕೆಂಪು ಹತ್ತಿತು. ಪರೀಕ್ಷಕರು ಸುತ್ತ ನಿಂತವರನ್ನು ನೋಡಿದರು.

'ಭಾಗಕ್ಕನ್ನ ಕೇಳಿ' ಅಂದರು ಯಾರೋ, ನನ್ನನ್ನು ತೋರಿಸಿ. 'ಅವಳು ಗಂಡನ ಹೆಣದ ಮುಂದೂ ಅವನ ಸಿಟ್ಟಿನ ಸುದ್ದಿ ಹೇಳಿದವಳು, ಸುಳ್ಳು ಅವಳ ಬಾಯಲ್ಲಿ ಬರೂದಿಲ್ಲ.' ಎಲ್ಲರೂ ನಕ್ಕರು.

'ಖರೇ ಹೇಳ್ರಿ ಅಮ್ಮಾ. ಇದು ಮೂಲದ ಸೀಟ ಏನ್ರಿ?'

'ಅಪ್ಪ ಕಾರು ತಂದ ದಿನದಿಂದ ಇದೇ ಸೀಟು. ಅಡಿಕೆ ಮೂಟೆ ಹೊತ್ತಿದೆ, ಅದರ ಕೆಂಪು ಹತ್ತಿದೆ' ಅಂದೆ.

ಒಂದು ಅಕ್ಷರ ತಡವರಿಸಲಿಲ್ಲ. ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವಳು ಅಂತ ಊರೆಲ್ಲ ಇಟ್ಟ ನಂಬಿಕೆಯನ್ನು ಅಷ್ಟಕ್ಕೆ ಬಳಸಿದೆ.

ನನ್ನ ಹತ್ತೂ ಬೆರಳು ಚೊಗರಿನಿಂದ ಕೆಂಪಾಗಿದ್ದವು. ಅಡಿಕೆ ಸುಗ್ಗಿ, ಅಲ್ಲಿದ್ದ ಹೆಂಗಸರ ಕೈಯೆಲ್ಲ ಹಾಗೇ ಇತ್ತು, ಯಾರಿಗೂ ಅನುಮಾನವಿಲ್ಲ. ನಾಯ್ಕ ಒಬ್ಬನೇ ನನ್ನ ಕೈ ನೋಡಿದ. ಹತ್ತಿರ ಬಂದು ಮೆತ್ತಗೆ ಕೇಳಿದ:

'ಈ ವರ್ಷ ಹಸಿ ಅಡಿಕೇನೇ ಮಾರಿದ್ವಿ ಅಂದಿದ್ರಲ್ರಾ ಅಮ್ಮಾ?'

'ನಿಂಗೆಂತಕ್ಕೆ ನಮ್ಮನೆ ಅಡಿಕೆ ಸುದ್ದಿ?' ಅಂದೆ. ಕೈಯನ್ನು ಸೆರಗಿನೊಳಗೆ ಹಾಕಿಕೊಂಡೆ.

ಅವನು ತನ್ನ ಕಾರಿನ ಹತ್ತಿರ ವಾಪಸು ಹೋದ. ಪರೀಕ್ಷಕರ ಹತ್ತಿರ ಹೋಗಿ ಹೇಳಬಹುದಿತ್ತು — ನನ್ನದೂ, ನನ್ನ ಮಗಳದೂ. ಹೇಳಲಿಲ್ಲ. ತೇಪೆಯ ಒಂದೇ ಕಾರಣಕ್ಕೆ ಎರಡು ಅಂಕದಲ್ಲಿ ಸೋತ. ತಮ್ಮ ಕಪ್ಪು ಎತ್ತಿ ಹಿಡಿದಾಗ ಎಲ್ಲರ ಜೊತೆ ನಾಯ್ಕನೂ ಚಪ್ಪಾಳೆ ತಟ್ಟಿದ. ತಟ್ಟದೆ ಇದ್ದವಳು ನಾನೊಬ್ಬಳೇ, ಕೈ ಹೊರಗೆ ತೆಗೆಯಲಿಕ್ಕೆ ಆಗದೆ.

ತಿಂಗಳೊಳಗೆ ಹಸಿರು ಕಾರನ್ನು ಲಾರಿಗೆ ಹೇರಿ ಒಯ್ದರು. ಅದನ್ನು ತೊಳೆದು ಒರೆಸಿ ಕೊಟ್ಟವನು ನಾಯ್ಕನೇ ಅಂತೆ.

ಅವನು ಈಗಲೂ ಪೇಟೆಯಲ್ಲಿ ಸಿಗುತ್ತಾನೆ. 'ಮೊಮ್ಮಗಳು ಆರಾಮ ಅದಾಳ್ರಾ ಅಮ್ಮಾ?' ಅಂತ ಕೇಳುತ್ತಾನೆ. ಕಾರಿನ ಮಾತು ಎತ್ತುವುದಿಲ್ಲ. ನಾನು 'ಹೂಂ' ಅಂದು ಮುಂದೆ ಹೋಗುತ್ತೇನೆ — ಎಷ್ಟು ವರ್ಷ ಹೀಗೇ ಹೋದೆ ಅಂತ ನೆನೆದರೆ...

ಮೊನ್ನೆ ಮೊಮ್ಮಗಳನ್ನು ಕೂರಿಸಿ ಅವಳು ಹುಟ್ಟಿದ ಜಾಗ ಯಾವುದು ಅಂತ ಹೇಳಿದೆ. ಅವಳ ಅಮ್ಮನ ಒಪ್ಪಿಗೆ ಕೇಳಿಯೇ ಹೇಳಿದೆ. ತಮ್ಮನಿಗೂ ಹೇಳಿದ್ದೇನೆ, ಇದನ್ನು ಬರೆಯುತ್ತೇನೆ ಅಂತ. ಅವನು ಮಾತು ಬಿಟ್ಟಿದ್ದಾನೆ. ಬಿಡಲಿ.

ಭಾನುವಾರ ಮೊಮ್ಮಗಳ ಜೊತೆ ವಾನಳ್ಳಿಗೆ ಹೋಗುತ್ತೇನೆ. ಕ್ಷಮಿಸು ಅನ್ನುವುದಿಲ್ಲ, ಕ್ಷಮಿಸಿದರೂ ಕಾರು ಬರುವುದಿಲ್ಲ. ಅವತ್ತು ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟು ಬರುತ್ತೇನೆ, ಅವನ ಮನೆಯವರೆಲ್ಲ ಕೇಳುವ ಹಾಗೆ — ಹೌದು ನಾಯ್ಕ, ಆ ವರ್ಷ ನಾವು ಹಸಿ ಅಡಿಕೆಯನ್ನೇ ಮಾರಿದ್ದೆವು.